ಜರ್ಮನಿಯ ಆಫರ್ ಬಂದಿದೆ, ಈಗಲೇ ರಾಜೀನಾಮೆ ಕೊಡಲಾ?

ಹುಬ್ಬಳ್ಳಿ, ಮೆಕ್ಯಾನಿಕಲ್, ಕೈಯಲ್ಲಿ ಜರ್ಮನ್ ಕಂಪನಿಯ ಕರಾರು, ಇಲ್ಲಿ ಎರಡು ತಿಂಗಳ ನೋಟಿಸ್. ನಿಮ್ಮ ಪ್ರಶ್ನೆ ಓದಿದರೆ 2023ರಲ್ಲಿ ನಾನೇ ಬರೆದ ಹಾಗಿದೆ.

ಆಗ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಲ್ವ್ ಮಾಡುವ ಕಂಪನಿಯಲ್ಲಿದ್ದೆ. ಆಫರ್ ಬಂದ ಮರುದಿನವೇ ರಾಜೀನಾಮೆ ಕೊಟ್ಟೆ. ಅಪ್ಪ ಧಾರವಾಡದಿಂದ ಎರಡು ಕೆಜಿ ಫೇಡೆ ತಂದು ಓಣಿಗೆಲ್ಲ ಹಂಚಿದರು. ಕಂಪನಿಯವರು ಶಾಲು ಹೊದಿಸಿ ಕಳಿಸಿಕೊಟ್ಟರು. ಅದಾದ ಮೇಲೆ ಏಳು ತಿಂಗಳು ನಾನು ಅದೇ ಓಣಿಯಲ್ಲಿದ್ದೆ. ಹಾಲು ತರಲು ಹೊರಬಿದ್ದರೆ ಸಾಕು, "ಏನ್ ತಮ್ಮಾ, ಇನ್ನೂ ಹೋಗಿಲ್ಲೇನು?"

ಅವಸರದಲ್ಲಿ ಕೆಲಸ ಬಿಟ್ಟದ್ದೇ ತಪ್ಪು ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ತಪ್ಪು ಅದಕ್ಕೂ ಒಂದು ವಾರ ಮೊದಲೇ ಆಗಿತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿದ್ದು ಕೆಲಸ ಮಾಡಲು ಪದವೀಧರರಿಗೆ ಕೊಡುವ ಪರವಾನಗಿ, ಅಂದ್ರೆ ಬ್ಲೂ ಕಾರ್ಡಿಗೆ, ನಿಮ್ಮ ಡಿಗ್ರಿ ಜರ್ಮನ್ ಡಿಗ್ರಿಗೆ ಸಮ ಅಂತ ತೋರಿಸಬೇಕು. ಅದನ್ನು ನೋಡಲು ಅನಾಬಿನ್ ಎಂಬ ಜಾಲತಾಣವಿದೆ. ಅದರಲ್ಲಿ ಎರಡು ಹುಡುಕಾಟ ಇವೆ. ಒಂದು ವಿಶ್ವವಿದ್ಯಾಲಯದ್ದು, ಅದರ ಮುಂದೆ ಎಚ್ ಪ್ಲಸ್, ಅಂದ್ರೆ ಮಾನ್ಯತೆ ಇದೆ ಅಂತ ಇರಬೇಕು. ಇನ್ನೊಂದು ಪದವಿಯದ್ದು, ಆ ಪದವಿ ಸಮಾನ ಅಂತ ಅಲ್ಲಿ ಬರೆದಿರಬೇಕು. ನಾನು ಮೊದಲನೆಯದನ್ನು ನೋಡಿದೆ. ಎಚ್ ಪ್ಲಸ್ ಕಂಡಿತು. ಲ್ಯಾಪ್‌ಟಾಪ್ ಮುಚ್ಚಿ ಮಿರ್ಚಿ ಭಜಿ ತಿನ್ನಲು ಹೋದೆ. ನನ್ನ ಸರ್ಟಿಫಿಕೇಟಿನಲ್ಲಿದ್ದ ಹೆಸರಿನ ಪದವಿ ಆ ಎರಡನೇ ಪಟ್ಟಿಯಲ್ಲಿ ಇರಲೇ ಇಲ್ಲ. ಎರಡೇ ನಿಮಿಷದ ಕೆಲಸ, ಮಾಡಲಿಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೆ ಬಾನ್‌ನಲ್ಲಿರುವ ಝಡ್‌ಎಬಿ ಎಂಬ ಕಚೇರಿಯಿಂದ ಹೋಲಿಕೆ ಪತ್ರ ತರಿಸಬೇಕು. ಶುಲ್ಕ 208 ಯೂರೋ. ಇದು ನನಗೆ ಗೊತ್ತಾದದ್ದು ವೀಸಾ ಅರ್ಜಿ ಹಾಕಿದ ಮೇಲೆ. ಆ ಪತ್ರಕ್ಕೆ ಅರ್ಜಿ ಹಾಕಿದರೆ ಅವರು ಪದವಿ ಪ್ರಮಾಣಪತ್ರ ಕೇಳಿದರು. ನನ್ನ ಹತ್ತಿರ ಇದ್ದದ್ದು ಪ್ರೊವಿಷನಲ್ ಮಾತ್ರ! ಕಾನ್ವೊಕೇಶನ್ ಸರ್ಟಿಫಿಕೇಟ್ ತರೋಕೆ ಆರು ವರ್ಷ ನಾನು ಹೋಗಿರಲೇ ಇಲ್ಲ. ಇಲ್ಲಿ ಕೆಲಸ ಕೊಟ್ಟ ಯಾರೂ ಅದನ್ನು ಕೇಳಿಯೂ ಇರಲಿಲ್ಲ. ಅದು ಕೈಗೆ ಬಂದು, ಬಾನ್‌ಗೆ ಹೋಗಿ, ಪತ್ರ ಬರುವಷ್ಟರಲ್ಲಿ ಕಂಪನಿ ಒಮ್ಮೆ ಸೇರುವ ದಿನ ಮುಂದೂಡಿ, ಆಮೇಲೆ ಬೇರೆಯವರನ್ನು ತೆಗೆದುಕೊಂಡಿತ್ತು. ಅವರನ್ನೇನೂ ಬೈಯಲಾರೆ. ಹಳೆ ಕೆಲಸಕ್ಕೆ ವಾಪಸ್ ಹೋಗಲು ಆ ಶಾಲು ಅಡ್ಡ ಬಂತು. ತಾರಿಹಾಳದಲ್ಲಿ ಕಡಿಮೆ ಸಂಬಳಕ್ಕೆ ಸೇರಿದೆ.

ಹಾಗಾಗಿ ನೀವು ಕೇಳಿದ ಪ್ರಶ್ನೆಯೇ ಸರಿ ಇಲ್ಲ. ರಾಜೀನಾಮೆ ಯಾವಾಗ ಅನ್ನೋದು ಆಮೇಲಿನ ಮಾತು, ಮತ್ತು ಅದಕ್ಕೆ ಉತ್ತರ ಸುಲಭ: ಪಾಸ್‌ಪೋರ್ಟಿನಲ್ಲಿ ವೀಸಾ ಕಂಡ ದಿನ. "ತಡ ಮಾಡಿದರೆ ಜರ್ಮನ್ ಕಂಪನಿಯ ಎಚ್ಆರ್ ಸಿಟ್ಟಾಗುತ್ತಾರೆ" ಅಂತ ಬರೆದಿದ್ದೀರಿ. ಸುಮ್ನೆ ಹೆದರಬೇಡಿ. ಮೂರು ತಿಂಗಳ ನೋಟಿಸ್ ಜರ್ಮನಿಯಲ್ಲಿ ಮಾಮೂಲು. ವೀಸಾ ಬಂದ ಮೇಲೆ ಎರಡು ತಿಂಗಳು ಬೇಕು ಅಂತ ಈಗಲೇ ಮೇಲ್ ಹಾಕಿ.

ಕರಾರಿನಲ್ಲಿ ಸಂಬಳ ಕೂಡ ನೋಡಿ. 2025ರಲ್ಲಿ ಬ್ಲೂ ಕಾರ್ಡಿಗೆ ವರ್ಷಕ್ಕೆ 48,300 ಯೂರೋ ಇರಬೇಕಿತ್ತು. ಎಂಜಿನಿಯರ್‌ಗಳ ಕೊರತೆ ಇರುವುದರಿಂದ ನಮಗೆ 43,759.80 ಸಾಕಿತ್ತು. ವೀಸಾ ಮಾಡಿಸಿಕೊಡುವ ಕನ್ಸಲ್ಟನ್ಸಿಗೆ ಒಂದೂವರೆ ಲಕ್ಷ ಕೊಡೋದು ನನ್ನ ಪ್ರಕಾರ ದಂಡ. ವೀಸಾ ಶುಲ್ಕವೇ 75 ಯೂರೋ.

ಒಂದು ಸಮಾಧಾನ ಏನಂದ್ರೆ, ಆ ಹೋಲಿಕೆ ಪತ್ರ ಇರೋದು ನಿಮ್ಮ ಹೆಸರಿಗೆ, ಕಂಪನಿಯ ಹೆಸರಿಗಲ್ಲ. 2024ರಲ್ಲಿ ಬೇರೆ ಕಂಪನಿಯ ಆಫರ್ ಬಂದಾಗ ಅದನ್ನೇ ಇಟ್ಟೆ. ಕಂಪನಿಯವರು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ 411 ಯೂರೋ ಕಟ್ಟಿ ತ್ವರಿತ ದಾರಿಯಲ್ಲಿ ಕೆಲಸ ಮುಗಿಸಿದರು. ಈ ಸಲ ವಿಮಾನ ಹತ್ತುವ ಹಿಂದಿನ ದಿನದವರೆಗೂ ಅಪ್ಪ ಫೇಡೆ ತರಲಿಲ್ಲ.

ನಿಮ್ಮ ಡಿಗ್ರಿಯ ಹೆಸರು ಸರ್ಟಿಫಿಕೇಟಿನಲ್ಲಿ ಹೇಗಿದೆಯೋ ಹಾಗೇ ಕೆಳಗೆ ಬರೆಯಿರಿ. ಪ್ರೊವಿಷನಲ್ ಅಲ್ಲ, ಕಾನ್ವೊಕೇಶನ್ನಿನದು. ಎರಡೂ ಪಟ್ಟಿ ನೋಡಿ ಹೇಳುತ್ತೇನೆ.