ಸಂಪಾದಕರ ಉತ್ತರ: ಹುಳಿ ಮಣ್ಣು, ಮೊಂಡಾದ ಬೇರು

ಮಾನ್ಯರೇ,

ಖಾನಾಪುರದ ನಿಮ್ಮ ಮಸಾರಿ ಹೊಲದಲ್ಲಿ ಕಸಿ ಮಾವು ಏಳುತ್ತಿಲ್ಲ, ಅದೇ ನರ್ಸರಿಯ ಸಸಿ ಮುದ್ದೇಬಿಹಾಳದಲ್ಲಿ ಬೀಗರ ಎರೆಹೊಲದಲ್ಲಿ ಸೊಂಪಾಗಿದೆ ಎಂದು ಬರೆದಿದ್ದೀರಿ. “ನಿಮ್ಮ ಮಣ್ಣಾಗ ಅಲ್ಯೂಮಿನಿಯಂ ಐತ್ರಿ, ನಮ್ಮದರಾಗ ಇಲ್ಲ” ಎಂಬ ಬೀಗರ ಮಾತು ಖರೆಯೇ ಎಂಬುದು ನಿಮ್ಮ ಪ್ರಶ್ನೆ.

ಅರ್ಧ ಖರೆ. ಭೂಮಿಯ ಹೊರಪದರದ ತೂಕದಲ್ಲಿ ಅಲ್ಯೂಮಿನಿಯಂ ಸುಮಾರು ಶೇ. 8ರಷ್ಟಿದೆ, ಬೀಗರ ಎರೆಮಣ್ಣಿನ ಜೇಡಿಯಲ್ಲೂ ಅದು ಬೇಕಾದಷ್ಟಿದೆ. ಆದರೆ ಆ ಮಣ್ಣಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 8ರ ಆಸುಪಾಸು, ಅಲ್ಲಿ ಅದು ಬೇರಿಗೆ ವಿಷವಾಗುವ ರೂಪದಲ್ಲಿ ಕರಗುವುದಿಲ್ಲ. ನಿಮ್ಮ ಕಡೆ ಘಟ್ಟದ ಮಳೆ ಮಣ್ಣಿನ ಸುಣ್ಣದಂಶವನ್ನೆಲ್ಲ ತೊಳೆದೊಯ್ಯುತ್ತದೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಅಯಾನಾಗಿ, ಅಂದರೆ ವಿದ್ಯುದಂಶವುಳ್ಳ ಕಣವಾಗಿ, ನೀರಿಗಿಳಿಯುತ್ತದೆ.

ಮೊದಲ ಪೆಟ್ಟು ಬೀಳುವುದು ಬೇರಿನ ತುದಿಯ ಕೆಲವೇ ಮಿಲಿಮೀಟರಿಗೆ. ಅಲ್ಲಿನ ಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟಿನಂಥ ವಸ್ತು, ಅದರ ಒಳಗಿನ ಪೊರೆಯಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶ ಇರುತ್ತವೆ. ಎರಡರಲ್ಲೂ ಕ್ಯಾಲ್ಸಿಯಂ ಕೂರುವ ಜಾಗಗಳಿವೆ. ಅಲ್ಯೂಮಿನಿಯಂ ಬಂದು ಅದನ್ನೆಬ್ಬಿಸಿ ತಾನು ಕೂರುತ್ತದೆ, ಕೂತರೆ ಸುಲಭಕ್ಕೆ ಏಳುವುದಿಲ್ಲ. ಮೆತ್ತಗೆ ಸರಿದಾಡಬೇಕಾದ ಪೊರೆ ಬಿಗಿಯುತ್ತದೆ, ಕ್ಯಾಲ್ಸಿಯಂ ಒಳಬರುವ ದಾರಿ ಕಟ್ಟುತ್ತದೆ. ಮುಂದೆ ಪೊರೆಯ ಕೊಬ್ಬಿನಂಶವೇ ಆಕ್ಸಿಡೀಕರಣಗೊಂಡು ಕೆಡುತ್ತದೆ. ಸೂಕ್ಷ್ಮ ಸಸ್ಯಗಳಲ್ಲಿ ಕೆಲವೇ ಗಂಟೆಗಳಲ್ಲಿ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಕಿತ್ತು ನೋಡಿದ ಸಸಿಯ ಬೇರು “ಮೊಂಡಾಗಿ, ದಪ್ಪಗೆ, ತುದಿ ಕಂದಾಗಿತ್ತು, ಎಳೆಬೇರೇ ಇರಲಿಲ್ಲ” ಎಂದಿದ್ದೀರಲ್ಲ, ಅದು ಇದಕ್ಕೆ ಹೊಂದುತ್ತದೆ. ಆದರೂ ಬೇರು ನೋಡಿಯೇ ತೀರ್ಪು ಕೊಡಲಾರೆ; ನೀರು ನಿಂತರೂ, ಜಂತುಹುಳು ಬಿದ್ದರೂ ಬೇರು ಕೆಡುತ್ತದೆ.

ಹಾಗಾದರೆ ಘಟ್ಟದ ಕಾಡು ಹೇಗೆ ನಿಂತಿದೆ ಎನ್ನುತ್ತೀರಿ. ಹುಳಿ ಮಣ್ಣಿಗೆ ಒಗ್ಗಿದ ಎಷ್ಟೋ ಗಿಡಗಳು ಬೇರಿನಿಂದ ಸಿಟ್ರೇಟ್, ಮ್ಯಾಲೇಟ್‌ನಂಥ ಆಮ್ಲಗಳನ್ನು ಸ್ರವಿಸಿ ಅಲ್ಯೂಮಿನಿಯಂ ಅನ್ನು ಹೊರಗೇ ಕಟ್ಟಿಹಾಕುತ್ತವೆ. ಚಹಾ ಗಿಡವಂತೂ ಅದನ್ನು ಎಲೆಯಲ್ಲೇ ತುಂಬಿಟ್ಟುಕೊಂಡು ಆರಾಮಾಗಿರುತ್ತದೆ!

ಸಸಿ ಕೀಳಬೇಡಿ. ಮೇಲಿನ ಗೇಣುದ್ದದ ಮಣ್ಣು, ಎರಡಡಿ ಆಳದ ಮಣ್ಣು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ತುಂಬಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪಿಎಚ್ ಕಡಿಮೆ ಬಂದರೆ ಅವರು ಹೇಳಿದಷ್ಟೇ ಕೃಷಿ ಸುಣ್ಣ ಹಾಕಿ. ಮೇಲೆ ಚೆಲ್ಲಿದ ಸುಣ್ಣ ಆಳಕ್ಕಿಳಿಯಲು ವರ್ಷಗಳೇ ಬೇಕು, ಹೊಸ ಗುಂಡಿಯಾದರೆ ಮಣ್ಣಿಗೇ ಬೆರೆಸಿ. ಜಿಪ್ಸಂ ಪಿಎಚ್ ಏರಿಸುವುದಿಲ್ಲ, ಆದರೆ ಕ್ಯಾಲ್ಸಿಯಂ ಅನ್ನು ಆಳಕ್ಕೆ ಮುಟ್ಟಿಸುತ್ತದೆ. ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಕೊಡಿ. ಅಮೋನಿಯಂ ಸಲ್ಫೇಟ್ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದು ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ.

— ಸಂಪಾದಕ