ಓದುಗರ ಪ್ರಶ್ನೆ: ‘ಫಾಸ್ಟ್’ ಎಂದರೆ ವೇಗವೋ, ಬಿಗಿಯೋ?

ಪ್ರಶ್ನೆ: ಇಂಗ್ಲಿಷಿನ ‘ಫಾಸ್ಟ್’ ಎಂದರೆ ವೇಗ ಎಂದು ಶಾಲೆಯಲ್ಲಿ ಕಲಿತೆ. ಸೀರೆ ಅಂಗಡಿಯಲ್ಲಿ ‘ಫಾಸ್ಟ್ ಕಲರ್’ ಎಂದರೆ ಬಣ್ಣ ಬಿಡುವುದಿಲ್ಲ ಎಂದರ್ಥ. ಉಪವಾಸಕ್ಕೂ ಇದೇ ಪದ. ಇಷ್ಟು ದೂರದ ಅರ್ಥಗಳು ಒಂದೇ ಪದಕ್ಕೆ ಹೇಗೆ ಬಂದವು? ಕನ್ನಡದಲ್ಲಿ ಈ ಗೊಂದಲವಿಲ್ಲವಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೀರೆ ಅಂಗಡಿಯವರು ಹೇಳಿದ ಅರ್ಥವೇ ಆ ಪದದ ಮೂಲಕ್ಕೆ ಹತ್ತಿರವಾದದ್ದು. ಸಾವಿರ ವರ್ಷಗಳಷ್ಟು ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಅಲುಗದ, ಬಿಗಿಯಾದ, ಭದ್ರವಾದ ಎಂಬ ಅರ್ಥವಿತ್ತು. ವಿಮಾನದಲ್ಲಿ ಸೀಟ್ ಬೆಲ್ಟ್ ಬಿಗಿದುಕೊಳ್ಳಲು ಹೇಳುವಾಗ ಬಳಸುವ ‘ಫಾಸನ್’ ಎಂಬ ಕ್ರಿಯಾಪದವೂ, ಗಾಢ ನಿದ್ರೆಗೆ ಹೇಳುವ ‘ಫಾಸ್ಟ್ ಅಸ್ಲೀಪ್’ ಎಂಬ ಮಾತೂ ಆ ಅರ್ಥವನ್ನು ಇಂದಿಗೂ ಉಳಿಸಿಕೊಂಡಿವೆ. ಅದೇ ಪದ ಓಟದಂಥ ಕ್ರಿಯೆಗಳ ಜೊತೆ ಸೇರಿದಾಗ ‘ಬಲವಾಗಿ’ ಎಂಬ ಅರ್ಥ ಪಡೆಯಿತು. ಬಲ ಹಾಕಿ ಓಡುವವನು ಬೇಗ ಓಡುತ್ತಾನಾದ್ದರಿಂದ, ಬಲದ ಅರ್ಥ ಮೆಲ್ಲಗೆ ವೇಗದ ಕಡೆಗೆ ಸರಿಯಿತು. ಉಪವಾಸದ ಅರ್ಥ ಬಂದದ್ದು ವ್ರತವನ್ನು ಬಿಗಿಯಾಗಿ ಹಿಡಿಯುವುದರಿಂದ. ಬೆಳಗಿನ ‘ಬ್ರೇಕ್‌ಫಾಸ್ಟ್’ ಆ ವ್ರತವನ್ನು ಮುರಿಯುವ ಊಟ.

ಕನ್ನಡದಲ್ಲಿ ಇದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ‘ಗಟ್ಟಿ’ ಎಂಬ ನಮ್ಮ ಪದವನ್ನೇ ನೋಡಿ: ಹಗ್ಗ ಗಟ್ಟಿ, ಮೊಸರು ಗಟ್ಟಿ, ತೊಂಬತ್ತರ ಅಜ್ಜಿ ಇನ್ನೂ ಗಟ್ಟಿ, ಪಾಠವನ್ನು ಗಟ್ಟಿಯಾಗಿ ಓದಬೇಕು. ಗಡಸುತನ ಹೇಗೆ ದೊಡ್ಡ ದನಿಯಾಯಿತು ಎಂದು ಕನ್ನಡ ಕಲಿಯುವ ಪರಭಾಷಿಕರು ಕೇಳಿದರೆ ಅದು ನಿಮ್ಮದೇ ಪ್ರಶ್ನೆ. ಎಳವೆಯಿಂದಲೂ ಆ ಪದವನ್ನು ವಾಕ್ಯಗಳಲ್ಲೇ ಕೇಳಿ ಬೆಳೆದ ನಮಗೆ ಅದು ತೊಡಕೆನಿಸುವುದಿಲ್ಲ, ಅಷ್ಟೆ.

ಆದರೆ ಎಲ್ಲ ಪದಗಳ ಕಥೆಯೂ ಹೀಗಲ್ಲ. ಬೆಳಕಿನ ‘ಲೈಟ್’ ಮತ್ತು ಹಗುರವೆಂಬ ‘ಲೈಟ್’ ಮೂಲದಲ್ಲಿ ಬೇರೆ ಬೇರೆ ಪದಗಳು. ಕಾಲಾಂತರದಲ್ಲಿ ಉಚ್ಚಾರಣೆ ಒಂದಾಯಿತು. ನಾಯಿಯ ಬೊಗಳಿಕೆಯ ‘ಬಾರ್ಕ್’ ಇಂಗ್ಲಿಷಿನದೇ ಆದರೆ, ಮರದ ತೊಗಟೆಯ ‘ಬಾರ್ಕ್’ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರ ನುಡಿಯಿಂದ ಸೇರಿದ್ದು. ನಮ್ಮಲ್ಲಿ ಸಂಖ್ಯೆಯ ‘ಹತ್ತು’, ಮರ ಏರುವ ‘ಹತ್ತು’ ಇದ್ದ ಹಾಗೆ. ಒಳ್ಳೆಯ ನಿಘಂಟುಗಳು ಇಂಥವನ್ನು ೧, ೨ ಎಂದು ಅಂಕಿ ಹಾಕಿ ಬೇರೆ ಬೇರೆ ನಮೂದುಗಳಾಗಿ ಕೊಡುತ್ತವೆ. ಅವುಗಳ ನಡುವೆ ನಂಟು ಹುಡುಕಿ ದಣಿಯಬೇಡಿ. ಒಂದೇ ನಮೂದಿನೊಳಗೆ ಅರ್ಥಗಳು ಸಾಲುಗಟ್ಟಿದ್ದರೆ ಮಾತ್ರ ‘ಫಾಸ್ಟ್’ನಂತೆ ಎಳೆ ಹಿಡಿದು ಹೋಗಿ.