ಹಗಲು ಚಿಕ್ಕದಾದರೂ ಚಳಿ ಏಕಿಲ್ಲ? ಮಾಗಿಯ ದಿನಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಡಿಸೆಂಬರ್ ಮೂರನೆಯ ವಾರ ಬಂದರೂ ಸ್ವೆಟರ್ ತೊಡುವ ಅಗತ್ಯವೇ ಬಿದ್ದಿಲ್ಲ. ವರ್ಷದ ಅತಿ ಚಿಕ್ಕ ಹಗಲೇ ಅತಿ ಚಳಿಯ ದಿನವೂ ಆಗಬೇಕಲ್ಲವೇ? ಈ ಬಾರಿ ಚಳಿಯೇ ಇಲ್ಲವೆಂದು ತಿಳಿದು ಬೆಚ್ಚನೆಯ ಬಟ್ಟೆ, ಹೊದಿಕೆಗಳನ್ನು ಒಳಗಿಡಬಹುದೇ?

ಉತ್ತರ: ದಯವಿಟ್ಟು ಈಗಲೇ ಒಳಗಿಡಬೇಡಿ. ಅತಿ ಚಿಕ್ಕ ಹಗಲಿಗೂ ಅತಿ ತೀವ್ರ ಚಳಿಗೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳ ಅಂತರವಿರುತ್ತದೆ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿರುವ ಕಾರಣ ಡಿಸೆಂಬರ್ 21 ಅಥವಾ 22ರಂದು ಉತ್ತರ ಗೋಳಾರ್ಧದ ಮೇಲೆ ಬಿಸಿಲು ಅತಿ ಓರೆಯಾಗಿ, ಅತಿ ಕಡಿಮೆ ಹೊತ್ತು ಬೀಳುತ್ತದೆ. ಆದರೆ ನೆಲವೂ, ಅದಕ್ಕಿಂತ ಮಿಗಿಲಾಗಿ ಸಮುದ್ರವೂ ಬೇಸಿಗೆಯಲ್ಲಿ ಕೂಡಿಟ್ಟುಕೊಂಡ ಶಾಖವನ್ನು ಆ ವೇಳೆಗೆ ಇನ್ನೂ ಪೂರ್ತಿ ಬಿಟ್ಟುಕೊಟ್ಟಿರುವುದಿಲ್ಲ. ಸಾಗರದ ಮೇಲ್ಪದರದ ಸುಮಾರು ಮೂರು ಮೀಟರ್ ನೀರೇ ಇಡೀ ವಾಯುಮಂಡಲದಷ್ಟು ಶಾಖವನ್ನು ಹಿಡಿದಿಡಬಲ್ಲದು. ಇಷ್ಟು ದೊಡ್ಡ ಸಂಗ್ರಹ ಒಂದೆರಡು ವಾರಗಳಲ್ಲಿ ಬರಿದಾಗುವುದಿಲ್ಲ. ಅಯನದ ದಿನ, ಅಂದರೆ ಈ ಅತಿ ಚಿಕ್ಕ ಹಗಲಿನ ದಿನ, ಕಳೆದ ಮೇಲೆ ಬಿಸಿಲು ದಿನದಿಂದ ದಿನಕ್ಕೆ ಹೆಚ್ಚುತ್ತದೆಯಾದರೂ, ಒಳಬರುವ ಶಾಖವು ಹೊರಹೋಗುವ ಶಾಖಕ್ಕಿಂತ ಕಡಿಮೆಯಿರುವಷ್ಟು ಕಾಲವೂ ತಂಪು ಏರುತ್ತಲೇ ಇರುತ್ತದೆ. ಆದ್ದರಿಂದಲೇ ಮಧ್ಯ ಅಕ್ಷಾಂಶಗಳ ಬಹುಪಾಲು ಪ್ರದೇಶಗಳಲ್ಲಿ ಸರಾಸರಿ ಲೆಕ್ಕದ ಅತಿ ಚಳಿಯ ದಿನಗಳು ಜನವರಿಯಲ್ಲಿ ಬರುತ್ತವೆ, ಸಮುದ್ರದ ಅಂಚಿನಲ್ಲಿ ಫೆಬ್ರವರಿಯವರೆಗೂ ಮುಂದೆ ಹೋಗುವುದುಂಟು.

ಹಾಗಾದರೆ ಈ ಬೆಚ್ಚನೆ ಎಲ್ಲಿಂದ ಬರುತ್ತದೆ? ಆಕಾಶದಲ್ಲಿ ಸೂರ್ಯನ ಸ್ಥಾನ ಪ್ರತಿ ಡಿಸೆಂಬರಿನಲ್ಲಿಯೂ ಒಂದೇ ಆಗಿರುತ್ತದೆ, ಬದಲಾಗುವುದು ಗಾಳಿ ಮತ್ತು ಮೋಡ. ಬೆಚ್ಚಗಿನ ಸಮುದ್ರದ ಮೇಲಿಂದ ತೇವ ತುಂಬಿದ ಗಾಳಿ ವಾರಗಟ್ಟಲೆ ಒಂದೇ ದಿಕ್ಕಿನಿಂದ ಬೀಸಿದರೆ ಬಿಸಿಲೇ ಕಾಣದ ದಿನಗಳಲ್ಲಿಯೂ ಚಳಿ ಹತ್ತಿರ ಸುಳಿಯುವುದಿಲ್ಲ. ಮಧ್ಯ ಇಂಗ್ಲೆಂಡಿನ ತಾಪಮಾನದ ದಾಖಲೆ 1659ರಿಂದ ಲಭ್ಯವಿದೆ. 2015ರ ಡಿಸೆಂಬರಿನಲ್ಲಿ ಅಲ್ಲಿನ ಸರಾಸರಿ 9.7 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, ಅದಕ್ಕೆ ಹಿಂದಿನ ಯಾವ ಡಿಸೆಂಬರೂ ಅಷ್ಟು ಬೆಚ್ಚಗಿರಲಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬಿಡದೆ ಬೀಸಿದ ನೈಋತ್ಯ ಗಾಳಿಯೇ ಅದಕ್ಕೆ ನೇರ ಕಾರಣವಾಗಿತ್ತು.

ಮೋಡದ ಪಾತ್ರ ಇರುಳಿನಲ್ಲಿ ಇನ್ನೂ ದೊಡ್ಡದು. ನಿರಭ್ರವಾದ, ಒಣ ಗಾಳಿಯ, ನಿಶ್ಚಲ ರಾತ್ರಿಯಲ್ಲಿ ನೆಲದ ಶಾಖ ಅವಕೆಂಪು ಕಿರಣಗಳ ರೂಪದಲ್ಲಿ ಸುಲಭವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ಮೋಡ ಕವಿದಿದ್ದರೆ ಆ ಶಾಖದ ಒಂದು ಪಾಲು ನೆಲಕ್ಕೇ ಹಿಂತಿರುಗುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು 7 ಶೇಕಡಾ ಹೆಚ್ಚುತ್ತದೆ, ನೀರಾವಿಯೂ ಶಾಖವನ್ನು ತಡೆಯುತ್ತದೆ. ಒಂದು ಬೆಚ್ಚನೆಯ ವಾರವನ್ನು ಹಿಡಿದು ಹವಾಮಾನ ಬದಲಾವಣೆಯ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಆದರೆ ಭೂಗೋಳದ ಹಲವು ಭಾಗಗಳಲ್ಲಿ ಹಗಲಿನ ಗರಿಷ್ಠ ತಾಪಮಾನಕ್ಕಿಂತ ರಾತ್ರಿಯ ಕನಿಷ್ಠ ತಾಪಮಾನ ಬೇಗ ಏರುತ್ತಾ ಬಂದಿದೆ ಎಂಬುದು ದಶಕಗಳ ಅಳತೆಯಿಂದ ಗೊತ್ತಾಗಿರುವ ಸಂಗತಿ, ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದೂ ಅದೇ. ಒಂದು ಬಿಸಿ ಮಧ್ಯಾಹ್ನ ಎಲ್ಲರ ಗಮನಕ್ಕೆ ಬರುತ್ತದೆ; ಬಾರದೇ ಹೋದ ಚಳಿರಾತ್ರಿ ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ.

ಉಡುಪಿನ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಮಧ್ಯಾಹ್ನದ ಹವೆಯನ್ನು ನೋಡಿ ಬಟ್ಟೆ ಆರಿಸಬೇಡಿ. ಈ ದಿನಗಳಲ್ಲಿ ಇರುಳು ದೀರ್ಘವಾಗಿರುವುದರಿಂದ, ಸಂಜೆ ಮೋಡ ಸರಿದು ಆಕಾಶ ತಿಳಿಯಾದರೆ ತಾಪಮಾನ ಬೇಗ ಇಳಿಯತೊಡಗಿ ಸೂರ್ಯೋದಯದ ಆಸುಪಾಸಿನವರೆಗೂ ಇಳಿಯುತ್ತಲೇ ಹೋಗುತ್ತದೆ. ಒಂದು ದಪ್ಪ ಕೋಟಿಗಿಂತ, ತೆಗೆದು ಮತ್ತೆ ತೊಡಬಹುದಾದ ಎರಡು ಮೂರು ತೆಳು ಪದರಗಳು ಮೇಲು. ಹಗಲಿನಲ್ಲಿ ಬೆವರಿ ಒದ್ದೆಯಾದ ಬಟ್ಟೆಯಲ್ಲೇ ಸಂಜೆಯ ತಂಪಿಗೆ ಮೈಯೊಡ್ಡಿದರೆ ದೇಹದ ಶಾಖ ಬೇಗ ನಷ್ಟವಾಗುತ್ತದೆ. ವಯಸ್ಸಾದವರೂ ಚಿಕ್ಕ ಮಕ್ಕಳೂ ಇರುವ ಮನೆಯಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ರಶ್ನೆ: ಹವೆ ಹಿತವಾಗಿದ್ದರೂ ಬೆಳಗ್ಗೆ ಏಳುವುದು ಕಷ್ಟವಾಗುತ್ತಿದೆ, ದಿನವಿಡೀ ಮಂಕು. ಡಿಸೆಂಬರ್ 21 ಕಳೆದರೆ ಹಗಲು ಬೆಳೆಯುತ್ತದೆ ಎನ್ನುತ್ತಾರೆ, ಆದರೆ ಹೋದ ವರ್ಷ ಜನವರಿಯಲ್ಲಿ ಬೆಳಕಾಗುವುದು ಇನ್ನೂ ತಡವಾದಂತಿತ್ತು. ಇದು ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ, ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಜನವರಿಯ ಮೊದಲ ವಾರದಲ್ಲಿ ಭೂಮಿಯು ಸೂರ್ಯನಿಗೆ ಅತಿ ಸಮೀಪದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿದ್ದು, ತನ್ನ ಕಕ್ಷೆಯಲ್ಲಿ ಹೆಚ್ಚು ವೇಗವಾಗಿ ಚಲಿಸುತ್ತದೆ. ಈ ವೇಗವೂ ಅಕ್ಷದ ವಾಲಿಕೆಯೂ ಸೇರಿ, ಒಂದು ನಡುಹಗಲಿನಿಂದ (ಸೂರ್ಯ ಅತಿ ಎತ್ತರಕ್ಕೇರುವ ಹೊತ್ತಿನಿಂದ) ಮುಂದಿನ ನಡುಹಗಲಿನವರೆಗಿನ ಅವಧಿ ಆ ದಿನಗಳಲ್ಲಿ 24 ಗಂಟೆಗಿಂತ ಸುಮಾರು ಅರ್ಧ ನಿಮಿಷ ಹೆಚ್ಚಾಗಿರುತ್ತದೆ. ಗಡಿಯಾರದ ಲೆಕ್ಕದಲ್ಲಿ ಸೂರ್ಯೋದಯ, ಸೂರ್ಯಾಸ್ತ ಎರಡೂ ತಡವಾಗುತ್ತಾ ಸಾಗುವುದರಿಂದ ಹೆಚ್ಚಿದ ಹಗಲೆಲ್ಲ ಸಂಜೆಯ ಪಾಲಾಗುತ್ತದೆ. ಉತ್ತರದ 40 ಡಿಗ್ರಿ ಅಕ್ಷಾಂಶದಲ್ಲಿ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ ಎರಡನೆಯ ವಾರದ ಹೊತ್ತಿಗೇ ಮುಗಿದಿರುತ್ತದೆ, ಅತಿ ತಡದ ಸೂರ್ಯೋದಯ ಬರುವುದು ಜನವರಿ ಮೊದಲ ವಾರದಲ್ಲಿ. ಸಮಭಾಜಕಕ್ಕೆ ಸಮೀಪವಿರುವವರಿಗೆ ಈ ಅಂತರ ಇನ್ನೂ ಹೆಚ್ಚು.

ದೇಹದ ಗಡಿಯಾರ ಮುಖ್ಯವಾಗಿ ಅನುಸರಿಸುವುದು ಬೆಳಕನ್ನು. ಹವೆ ಎಷ್ಟೇ ಹಿತವಾಗಿರಲಿ, ಅದರಿಂದ ಹಗಲು ಒಂದು ನಿಮಿಷವೂ ಉದ್ದವಾಗುವುದಿಲ್ಲ. ಬೆಚ್ಚನೆ ತರುವ ಮೋಡ ಇದ್ದ ಬೆಳಕನ್ನೂ ಕುಗ್ಗಿಸುತ್ತದೆ. ಮನೆಯೊಳಗಿನ ದೀಪಗಳು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಕೊಟ್ಟರೆ, ಮೋಡ ಮುಸುಕಿದ ಹಗಲಿನಲ್ಲಿಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಆದ್ದರಿಂದ ಚಳಿಯಿಲ್ಲದ ಈ ಅನುಕೂಲವನ್ನು ಬೆಳಗ್ಗೆಯೇ ಬಳಸಿಕೊಳ್ಳಿ: ಬೆಳಕು ಹರಿದ ಮೇಲೆ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ, ರಾತ್ರಿ ಪ್ರಖರ ದೀಪ ಮತ್ತು ಪರದೆಗಳನ್ನು ಬೇಗ ಆರಿಸಿ. ಋತುವಿಗೆ ಅನುಗುಣವಾಗಿ ಬರುವ ಖಿನ್ನತೆಯನ್ನು ವೈದ್ಯಕೀಯ ಸಾಹಿತ್ಯವು 1984ರಿಂದ ಒಂದು ನಿಜವಾದ ತೊಂದರೆಯೆಂದು ಗುರುತಿಸಿದೆ. ಎರಡು ವಾರ ದಾಟಿಯೂ ಮಂಕು ಇಳಿಯದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ, ಸೋಮಾರಿತನವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳದೆ ವೈದ್ಯರನ್ನು ಕಾಣಿ.

ಪ್ರಶ್ನೆ: ತೋಟದ ಕೆಲವು ಗಿಡಗಳು ಈಗಲೇ ಮೊಗ್ಗು ಒಡೆದಿವೆ. ಅವನ್ನು ಸವರಿ, ಗೊಬ್ಬರ ಹಾಕಬಹುದೇ?

ಉತ್ತರ: ಎರಡೂ ಬೇಡ. ಸವರಿದರೆ ಹೊಸ ಚಿಗುರಿಗೆ ಪ್ರಚೋದನೆ ಸಿಗುತ್ತದೆ, ಸಾರಜನಕದ ಗೊಬ್ಬರವೂ ಅದನ್ನೇ ಮಾಡುತ್ತದೆ, ಮುಂದೆ ಒಂದೇ ರಾತ್ರಿಯ ಹೆಪ್ಪುಗಟ್ಟಿಸುವ ಚಳಿಗೆ ಆ ಎಳೆ ಚಿಗುರು ಕರಕಲಾಗುತ್ತದೆ. ಕೆಲವು ಸಸ್ಯಗಳು ಋತುವನ್ನು ಹಗಲಿನ ಉದ್ದದಿಂದ ಗುರುತಿಸುತ್ತವೆ, ಅವು ಬೆಚ್ಚನೆಗೆ ಅಷ್ಟಾಗಿ ಮೋಸಹೋಗುವುದಿಲ್ಲ. ಉಷ್ಣತೆಯನ್ನು ನಂಬುವ ಸಸ್ಯಗಳಿಗೆ ಅಪಾಯ ಹೆಚ್ಚು. ಇನ್ನು ಸೇಬಿನಂತಹ ಮರಗಳಿಗೆ ಚಳಿಯೇ ಒಂದು ಅಗತ್ಯ: ಅನೇಕ ತಳಿಗಳು ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ತಂಪನ್ನು 800ರಿಂದ 1000 ಗಂಟೆಗಳಷ್ಟು ಅನುಭವಿಸಿದ ಮೇಲೆಯೇ ಸುಪ್ತಾವಸ್ಥೆಯಿಂದ ಸರಿಯಾಗಿ ಹೊರಬರುತ್ತವೆ, ಅದು ದಕ್ಕದಿದ್ದರೆ ಹೂವು ಚದುರಿ ಚದುರಿ ಅರಳಿ ಕಾಯಿ ಕಟ್ಟುವುದು ಕುಂಠಿತವಾಗುತ್ತದೆ. ಸದ್ಯಕ್ಕೆ ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿ ಮಣ್ಣಿನ ಉಷ್ಣತೆ ಏರಿಳಿಯದಂತೆ ನೋಡಿಕೊಳ್ಳಿ. ಆಕಾಶ ತಿಳಿಯಾಗಿ ಗಾಳಿ ನಿಂತ ಸಂಜೆ ಮೊಗ್ಗಿರುವ ಚಿಕ್ಕ ಗಿಡಗಳನ್ನು ತೆಳು ಬಟ್ಟೆಯಿಂದ ಮುಚ್ಚಿ, ಬೆಳಗ್ಗೆ ಬಿಸಿಲೇರಿದೊಡನೆ ತೆಗೆಯಿರಿ. ತರಗೆಲೆಯ ರಾಶಿಯನ್ನು ಮಾತ್ರ ಗುಡಿಸಿ ಸುಡಬೇಡಿ: ಬೆಚ್ಚನೆಗೆ ಎಚ್ಚೆತ್ತ ಕೀಟಗಳು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಈಗಾಗಲೇ ಕರಗಿಸಿಕೊಂಡಿರುತ್ತವೆ, ಚಳಿ ಮರಳಿದಾಗ ಅವಕ್ಕೆ ಅಡಗಲು ಆ ರಾಶಿಯೇ ಬೇಕು.